ಊರಿಲ್ಲದ ತಂಡ

ಈ ತಿಂಗಳ ಅಂಕಣ ಬೇಸ್‌ಬಾಲ್ ಮೇಲೆ ಎಂದು ಹೇಳಿದಾಗ, ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ ಮನೆಯವಳು ತಿರುಗಿ ನೋಡಿ, "ಅದ್ರ್ ಬಗ್ಗೆ ನಿಮ್ಗ್ ಎಂತ ಗೊತ್ತಿತ್ತ್?" ಎಂದಳು. ನ್ಯಾಯವಾದ ಪ್ರಶ್ನೆಯೇ. 54 ವರ್ಷದಿಂದ ಮುಂಬೈಯಲ್ಲಿರುವ ಈ ಕುಂದಾಪುರದವನಿಗೆ ಬೇಸ್‌ಬಾಲ್ ಅಂದರೆ, ಇಂಗ್ಲಿಷ್ ಸಿನಿಮಾದಲ್ಲಿ ಅಪ್ಪನೊಬ್ಬ ಕೈಗೆ ದೊಡ್ಡ ಚರ್ಮದ ಗವಸು ಹಾಕಿಕೊಂಡು ಮಗನ ಜೊತೆ ಹಿತ್ತಲಲ್ಲಿ ಚೆಂಡು ಎಸೆದಾಡುವುದು, ಅಷ್ಟೇ ಆಗಿತ್ತು. ಆದರೆ ಹೋದ ವರ್ಷ, 2024ರ ಬೇಸಿಗೆಯಲ್ಲಿ, ಮಗಳ ಮನೆಗೆಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಹೋದವನು ಅಲ್ಲಿ ಒಂದು ಆಟ ನೋಡಿದೆ. ಅಂದಿನಿಂದ ಅದು ತಲೆಯೊಳಗೆ ಕುಳಿತುಬಿಟ್ಟಿದೆ.

ಅಲ್ಲಿ ಹಗಲು ಹೊತ್ತು ಅಜ್ಜ-ಅಜ್ಜಿಯರ ಸ್ಥಿತಿ ನಿಮಗೆ ಗೊತ್ತೇ ಇದೆ. ಮಗಳು, ಅಳಿಯ ಲ್ಯಾಪ್‌ಟಾಪಿನ ಎದುರು. ನಾವು ಪಾರ್ಕಿನಲ್ಲಿ ಎರಡು ಸುತ್ತು ಹಾಕಿ ಬಂದರೆ ದಿನದ ಕಾರ್ಯಕ್ರಮ ಮುಗಿಯಿತು. ಮೊಮ್ಮಗನಿಗೆ ರಜೆ ಶುರುವಾದ ಮೇಲೆ ಅಳಿಯನೇ ಒಂದು ದಿನ, "ಮಾವ, ಇವನನ್ನು ಕರ್ಕೊಂಡು ಓಕ್‌ಲ್ಯಾಂಡಿಗೆ ಹೋಗಿ ಬನ್ನಿ. ಎ'ಸ್ ತಂಡದ್ದು ಅಲ್ಲಿ ಇದೇ ಕೊನೇ ವರ್ಷ. ಮುಂದೆ ನೋಡ್ತೇನೆ ಅಂದ್ರೂ ಸಿಗೋದಿಲ್ಲ" ಎಂದು ಟಿಕೆಟ್ ತೆಗೆದುಕೊಟ್ಟ. ಎ'ಸ್ ಅಂದರೆ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್. ಹನ್ನೊಂದು ವರ್ಷದ ಹುಡುಗನೂ ಎಪ್ಪತ್ತರ ಅಜ್ಜನೂ ಬಾರ್ಟ್ ರೈಲು ಹತ್ತಿದೆವು. ಹುಡುಗ ಹಾಕಿಕೊಂಡದ್ದು ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡದ ಅಂಗಿ, ಬೆನ್ನ ಮೇಲೆ ಓಹ್ತಾನಿ ಎಂಬ ಹೆಸರು, 17 ಎಂಬ ಸಂಖ್ಯೆ. ಆ ದಿನ ಆಡುತ್ತಿದ್ದವರಲ್ಲಿ ಡಾಡ್ಜರ್ಸ್ ಇರಲೇ ಇಲ್ಲ. "ಅಜ್ಜ, ನನಗೆ ಬೇರೆ ಜರ್ಸಿ ಇಲ್ಲ" ಎಂದ.

ರೈಲು ನಿಲ್ದಾಣದಿಂದ ಕ್ರೀಡಾಂಗಣಕ್ಕೆ ಒಂದು ಉದ್ದನೆಯ ಕಾಲುಸೇತುವೆ. ಸೇತುವೆಯ ಮೇಲೆ ಟೋಪಿ, ಅಂಗಿ, ನೆಲಗಡಲೆ, ನೀರಿನ ಬಾಟಲಿ ಮಾರುವವರು. ನಮ್ಮ ದಾದರ್ ಸೇತುವೆಯಲ್ಲಿ ನಡೆದ ಹಾಗೇ ಅನ್ನಿಸಿತು, ಜನ ಮಾತ್ರ ಇಲ್ಲ. ಒಳಗೆ ಹೋದರೆ ಎದುರಿಗೆ ಸಿಮೆಂಟಿನ ಒಂದು ಬೆಟ್ಟ. 1990ರ ದಶಕದಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ರೇಡರ್ಸ್ ಊರಿಗೆ ಮರಳಿದಾಗ ಅವರಿಗಾಗಿ ಕಟ್ಟಿದ ಎತ್ತರದ ಆಸನಸಾಲು ಅದು. ಅದಕ್ಕೂ ಮೊದಲು ಅಲ್ಲಿ ಕುಳಿತವರಿಗೆ ಓಕ್‌ಲ್ಯಾಂಡಿನ ಹಸಿರು ಗುಡ್ಡಗಳು ಕಾಣುತ್ತಿದ್ದವಂತೆ. ಗುಡ್ಡವನ್ನು ಮುಚ್ಚಿಸಿಕೊಂಡ ರೇಡರ್ಸ್ 2020ರಲ್ಲಿ ಲಾಸ್ ವೇಗಸ್‌ಗೆ ಹೋಯಿತು. ಅದಕ್ಕೆ ಒಂದು ವರ್ಷ ಮೊದಲೇ ಬಾಸ್ಕೆಟ್‌ಬಾಲಿನ ವಾರಿಯರ್ಸ್ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೊ ಸೇರಿತ್ತು. ಉಳಿದದ್ದು ಬೇಸ್‌ಬಾಲ್ ಒಂದೇ, ಅದೂ ಈಗ ಗಂಟುಮೂಟೆ ಕಟ್ಟಿತ್ತು. ಸಾವಿರಾರು ಖಾಲಿ ಕುರ್ಚಿಗಳ ನಡುವೆ ಅಲ್ಲಲ್ಲಿ ಜನ. ಬಲಗಡೆಯ ಮೂಲೆಯಿಂದ ಯಾರೋ ಡೋಲು ಬಾರಿಸುತ್ತಿದ್ದರು. ಮಳೆಗಾಲದಲ್ಲಿ ಹತ್ತು ಜನ ಪ್ರೇಕ್ಷಕರ ಎದುರು ಆಟ ಕಟ್ಟುವ ಮೇಳದ ಚೆಂಡೆ ಕೇಳಿದ ಹಾಗಾಯಿತು.

ನಮ್ಮ ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು ಇದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರೇ ಇರಬೇಕು. ಹುಲ್ಲಿನ ಟೋಪಿ, ತೊಡೆಯ ಮೇಲೆ ಒಂದು ರಟ್ಟು, ಅದಕ್ಕೆ ಕ್ಲಿಪ್ ಹಾಕಿದ ಕಾಗದ, ಕೈಯಲ್ಲಿ ಪೆನ್ಸಿಲ್. ಪ್ರತಿ ಎಸೆತಕ್ಕೂ ಏನೋ ಗುರುತು ಮಾಡುತ್ತಿದ್ದರು. ನಾನು ಹುಡುಗನಾಗಿದ್ದಾಗ ರೇಡಿಯೊ ಕಾಮೆಂಟರಿ ಕೇಳುತ್ತ ನೋಟ್‌ಬುಕ್ಕಿನಲ್ಲಿ ಓವರ್ ಓವರಿನ ಲೆಕ್ಕ ಬರೆಯುತ್ತಿದ್ದವನು. ಕಣ್ಣು ಆಟ ಬಿಟ್ಟು ಆ ಕಾಗದಕ್ಕೇ ಹೋಯಿತು. ಅವರಿಗೆ ಗೊತ್ತಾಗಿ ರಟ್ಟನ್ನು ನನ್ನ ಕಡೆ ಓರೆ ಮಾಡಿದರು.

ಆ ಬರವಣಿಗೆ ಬಹಳ ಚೆಂದದ್ದು, ಹೇಳಿಬಿಡುತ್ತೇನೆ. ಮೈದಾನದ ಒಂಬತ್ತು ಜಾಗಗಳಿಗೆ ಒಂಬತ್ತು ಅಂಕಿ. ಚೆಂಡು ಎಸೆಯುವ ಪಿಚರ್ 1, ಅದನ್ನು ಹಿಡಿಯುವ ಕ್ಯಾಚರ್ 2, ಮೊದಲನೇ ಬೇಸ್ ಕಾಯುವವನು 3. ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಚುರುಕು ಹುಡುಗ, ಶಾರ್ಟ್‌ಸ್ಟಾಪ್, 6. ಅವನು ಚೆಂಡು ಹಿಡಿದು ಮೊದಲನೇ ಬೇಸಿಗೆ ಎಸೆದು ದಾಂಡಿಗನನ್ನು ಔಟ್ ಮಾಡಿದರೆ ಬರೆಯುವುದು 6-3, ಅಷ್ಟೇ. ಮೂರು ಸ್ಟ್ರೈಕ್ ಆಗಿ ಔಟಾದರೆ ಕೆ. ಮೂರನೆಯ ಸ್ಟ್ರೈಕಿಗೆ ಬ್ಯಾಟ್ ಬೀಸದೆ ನೋಡುತ್ತ ನಿಂತು ಔಟಾದನೋ, ಅದೇ ಕೆ ಅಕ್ಷರವನ್ನು ಹಿಂದುಮುಂದಾಗಿ ಬರೆಯುತ್ತಾರೆ. ಸುಮ್ಮನೆ ನಿಂತವನಿಗೆ ತಿರುಗಿದ ಅಕ್ಷರ! ಐವತ್ತು ವರ್ಷ ಕಳೆದ ಮೇಲೂ ಆ ಕಾಗದ ಓದಿದರೆ ಇಡೀ ಆಟ ಎದ್ದು ಬರುತ್ತದೆ. ಅವರ ಮನೆಯಲ್ಲಿ ಅಂಥ ಕಾಗದಗಳು ಪೆಟ್ಟಿಗೆ ಪೆಟ್ಟಿಗೆ ಇವೆಯಂತೆ. ಗಂಡ ಹೋದ ಮೇಲೆ ಅವರ ಪೆನ್ಸಿಲ್ ತನ್ನ ಕೈಗೆ ಬಂತು ಎಂದರು. ಅದಕ್ಕೂ ಮುಂಚೆ ತಾನು ಸುಮ್ಮನೆ ಕಡಲೆ ತಿನ್ನುವವಳಾಗಿದ್ದೆ ಎಂದೂ ಸೇರಿಸಿದರು.

"ಮುಂದಿನ ವರ್ಷ?" ಎಂದು ಕೇಳಿದೆ. ಕೇಳಬಾರದಿತ್ತು.

"ಮುಂದಿನ ವರ್ಷ ನನಗೆ ಬೇಸ್‌ಬಾಲ್ ಇಲ್ಲ" ಎಂದರು. ಟಿವಿಯಲ್ಲಿ ನೋಡಬಹುದಲ್ಲ, ಪಕ್ಕದಲ್ಲೇ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಇದೆಯಲ್ಲ ಎಂಬ ನನ್ನ ಮಾತಿಗೆ ಅವರು ಉತ್ತರವನ್ನೇ ಕೊಡಲಿಲ್ಲ. ಕುಂದಾಪುರದಲ್ಲಿ ಒಂದು ಮೇಳದ ಕಟ್ಟಾ ಅಭಿಮಾನಿಗೆ, ನಿಮ್ಮ ಮೇಳ ನಿಂತರೇನು, ಇನ್ನೊಂದರ ಟೆಂಟಿಗೆ ಹೋಗಿ ಎಂದ ಹಾಗಾಯಿತು ನನ್ನ ಮಾತು.

ಈ ತಂಡದ ಚರಿತ್ರೆಯನ್ನು ಆಮೇಲೆ ಓದಿಕೊಂಡೆ. ಅದು ಹುಟ್ಟಾ ವಲಸೆಗಾರ. 1901ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರು. ಅಲ್ಲಿ ಐದು ಸಲ ವರ್ಲ್ಡ್ ಸೀರೀಸ್ ಗೆದ್ದು, ಆಮೇಲೆ ಸೊರಗಿ, 1955ರಲ್ಲಿ ಕಾನ್ಸಸ್ ಸಿಟಿಗೆ ಬಂತು. ಅಲ್ಲಿ ಹದಿಮೂರು ವರ್ಷ ಇದ್ದು 1968ರಲ್ಲಿ ಓಕ್‌ಲ್ಯಾಂಡ್. ಬಂದ ನಾಲ್ಕೇ ವರ್ಷದಲ್ಲಿ 1972, 73, 74, ಸತತ ಮೂರು ಸಲ ಚಾಂಪಿಯನ್. 1989ರಲ್ಲಿ ಎದುರು ದಡದ ಜೈಂಟ್ಸ್ ಜೊತೆಗೇ ಫೈನಲ್. ಅಕ್ಟೋಬರ್ 17ರಂದು ಮೂರನೇ ಪಂದ್ಯ ಶುರುವಾಗುವ ಹೊತ್ತಿಗೆ ಭೂಕಂಪ ಆಗಿ ಸರಣಿ ಹತ್ತು ದಿನ ನಿಂತು, ಮತ್ತೆ ಆಡಿ ಎ'ಸ್ ಗೆದ್ದಿತು. ಹಣವಿಲ್ಲದ ತಂಡವೊಂದು ಲೆಕ್ಕಾಚಾರದ ಬಲದಿಂದ 2002ರಲ್ಲಿ ಸತತ 20 ಪಂದ್ಯ ಗೆದ್ದ ಕಥೆ 'ಮನಿಬಾಲ್' ಎಂಬ ಪುಸ್ತಕ ಆಯಿತು, ಬ್ರಾಡ್ ಪಿಟ್‌ನ ಸಿನಿಮಾ ಆಯಿತು. ಅದೂ ಇದೇ ಎ'ಸ್. ಓಕ್‌ಲ್ಯಾಂಡಿನವರ ದುಃಖ ದೊಡ್ಡದು, ಒಪ್ಪಿದೆ. ಆದರೆ ಅವರಿಗೆ ಈ ತಂಡ ಸಿಕ್ಕಿದ್ದೇ ಕಾನ್ಸಸ್ ಸಿಟಿಯವರ ಕೈ ಖಾಲಿಯಾದಾಗ. ಇದನ್ನು ಆ ತಾಯಿಯ ಎದುರು ಹೇಳುವ ಧೈರ್ಯ ನನಗೆ ಇರುತ್ತಿರಲಿಲ್ಲ.

ಅಮೆರಿಕದ ಮೇಜರ್ ಲೀಗ್‌ನಲ್ಲಿ ಇರುವುದು 30 ತಂಡ, ಮೂವತ್ತಕ್ಕೂ ಮಾಲೀಕರಿದ್ದಾರೆ. ಇಂಗ್ಲೆಂಡಿನ ಫುಟ್‌ಬಾಲಿನ ಹಾಗೆ ಸೋತವರು ಕೆಳಗಿನ ದರ್ಜೆಗೆ ಇಳಿಯುವುದು, ಹೊಸಬರು ಮೇಲೆ ಬರುವುದು ಇಲ್ಲ. ಹಾಗಾಗಿ ತಂಡ ಬೇಕೆನ್ನುವ ಊರುಗಳು ಹೆಚ್ಚು, ತಂಡಗಳು ಕಡಿಮೆ. ಮಾಲೀಕ ಊರಿಗೆ ಹೇಳುವುದು ಒಂದೇ ಮಾತು: ಹೊಸ ಕ್ರೀಡಾಂಗಣಕ್ಕೆ ಸರಕಾರದ ದುಡ್ಡು ಕೊಡಿ, ಇಲ್ಲವಾದರೆ ಕೊಡುವ ಊರಿಗೆ ಹೋಗುತ್ತೇನೆ. ಓಕ್‌ಲ್ಯಾಂಡಿನ ಬಂದರಿನ ಬದಿಯಲ್ಲಿ ಕ್ರೀಡಾಂಗಣ ಕಟ್ಟುವ ಮಾತುಕತೆ ವರ್ಷಗಟ್ಟಲೆ ನಡೆಯಿತು. ನಗರಸಭೆ ಒಂದು ಕರಾರನ್ನು ಒಪ್ಪಿಯೂ ಇತ್ತು. 2023ರ ಏಪ್ರಿಲ್‌ನಲ್ಲಿ, ಲಾಸ್ ವೇಗಸ್‌ನಲ್ಲಿ ಜಾಗ ನೋಡಿದ್ದೇವೆ ಎಂಬ ಸುದ್ದಿ ಬಂತು. ಜೂನ್‌ನಲ್ಲಿ ನೆವಾಡಾ ರಾಜ್ಯ 38 ಕೋಟಿ ಡಾಲರ್ ಕೊಡಲು ಒಪ್ಪಿತು. ನವೆಂಬರ್‌ನಲ್ಲಿ ಮಾಲೀಕರೆಲ್ಲ ಕೂತು ಮತ ಹಾಕಿದರು. 30ಕ್ಕೆ 30.

ಅಭಿಮಾನಿಗಳು ಬರುವುದಿಲ್ಲ, ಅದಕ್ಕೇ ಹೊರಟೆವು ಎಂಬ ಮಾತಿಗೆ ಓಕ್‌ಲ್ಯಾಂಡಿನವರು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಎಲ್ಲರೂ ಬಹಿಷ್ಕಾರ ಹಾಕುವುದು ಮನೆಯಲ್ಲಿ ಕೂತು. ಇವರು ತಿರುಗಿಸಿ ಹಾಕಿದರು. ತಂಡ ಆ ವರ್ಷ ಇಡೀ ಲೀಗಿನಲ್ಲಿ ಅತ್ಯಂತ ಹೀನಾಯವಾಗಿ ಸೋಲುತ್ತಿದ್ದಾಗ, 2023ರ ಜೂನ್ 13, ಒಂದು ಮಂಗಳವಾರ ರಾತ್ರಿ, 27,759 ಜನ ಟಿಕೆಟ್ ಕೊಂಡು ಬಂದು ಕೂತರು. ಹಸಿರು ಅಂಗಿಯ ಮೇಲೆ ಒಂದೇ ಪದ: ಮಾರು. ಊರು ಬಿಡಬೇಡ, ಬೇಡವಾದರೆ ತಂಡವನ್ನು ಇನ್ಯಾರಿಗಾದರೂ ಮಾರಿ ನೀನು ಹೋಗು ಎಂದು ಮಾಲೀಕನಿಗೆ. ಐದನೇ ಇನ್ನಿಂಗ್ಸಿನ ಆರಂಭದಲ್ಲಿ ಇಡೀ ಕ್ರೀಡಾಂಗಣ ಎದ್ದು ಮೌನವಾಗಿ ನಿಂತಿತು, ಆಮೇಲೆ ಒಂದೇ ಕೂಗು. ಆ ಪಂದ್ಯವನ್ನು ಎ'ಸ್ ಗೆದ್ದಿತು ಕೂಡ. ಅದಾಗಿ ಎರಡೇ ದಿನಕ್ಕೆ ನೆವಾಡಾದ ಗವರ್ನರ್ ಹಣದ ಮಸೂದೆಗೆ ಸಹಿ ಹಾಕಿದರು.

ನಾನು ಮಗಳ ಮನೆಯಲ್ಲಿ ಇದನ್ನೆಲ್ಲ ಉದ್ವೇಗದಿಂದ ಹೇಳುತ್ತಿದ್ದರೆ ಅವಳು, "ಅಪ್ಪ, ಇಲ್ಲಿ ಬೇಸ್‌ಬಾಲ್ ಈಗ ಯಾರು ನೋಡ್ತಾರೆ? ನಮ್ಮ ಆಫೀಸಲ್ಲಿ ಮಾತೆಲ್ಲ ಫುಟ್‌ಬಾಲ್" ಎಂದಳು. ಅದು ಅರ್ಧ ನಿಜ. ಗ್ಯಾಲಪ್ ಸಮೀಕ್ಷೆಯವರು ಅಮೆರಿಕನ್ನರಿಗೆ ನಿಮ್ಮ ಮೆಚ್ಚಿನ ಆಟ ಯಾವುದು ಎಂದು ದಶಕಗಳಿಂದ ಕೇಳುತ್ತ ಬಂದಿದ್ದಾರೆ. 1948ರಲ್ಲಿ ಶೇಕಡಾ 39 ಜನ ಬೇಸ್‌ಬಾಲ್ ಎಂದಿದ್ದರು. 1972ರಲ್ಲಿ ಫುಟ್‌ಬಾಲ್ ಅದನ್ನು ಹಿಂದೆ ಹಾಕಿತು. 2023ರಲ್ಲಿ ಬೇಸ್‌ಬಾಲಿಗೆ ಶೇಕಡಾ 10, ಫುಟ್‌ಬಾಲಿಗೆ 41. ಟಿವಿ ಲೆಕ್ಕವೂ ಹಾಗೆಯೇ. 1978ರ ವರ್ಲ್ಡ್ ಸೀರೀಸ್ ಅನ್ನು ಸರಾಸರಿ 4.4 ಕೋಟಿ ಜನ ನೋಡಿದ್ದರು. 2023ರಲ್ಲಿ ಒಂದು ಕೋಟಿಯೂ ಇಲ್ಲ, ಸುಮಾರು 91 ಲಕ್ಷ.

ಹಾಗಾದರೆ ಆಟ ಸತ್ತಿತೇ? ಅದೇ 2023ರಲ್ಲಿ ಕ್ರೀಡಾಂಗಣಗಳಿಗೆ ಟಿಕೆಟ್ ಕೊಂಡು ಬಂದವರು 7 ಕೋಟಿಗೂ ಹೆಚ್ಚು! ಇಲ್ಲೇ ನನಗೆ ವಿಷಯ ಹಿಡಿಯಿತು. ಫುಟ್‌ಬಾಲಿನಲ್ಲಿ ಒಂದು ತಂಡಕ್ಕೆ ವರ್ಷಕ್ಕೆ 17 ಪಂದ್ಯ, ವಾರಕ್ಕೊಂದು, ಇಡೀ ದೇಶ ಟಿವಿ ಎದುರು. ಬೇಸ್‌ಬಾಲಿನಲ್ಲಿ ಒಂದು ತಂಡಕ್ಕೆ 162 ಪಂದ್ಯ, ಹೆಚ್ಚುಕಡಿಮೆ ದಿನಾ. ಅದು ಹಬ್ಬ ಅಲ್ಲ, ದಿನದ ಗಂಜಿ. ಅಡುಗೆ ಮಾಡುತ್ತ, ಕಾರು ಓಡಿಸುತ್ತ ರೇಡಿಯೊದಲ್ಲಿ ಕೇಳುವಂಥದ್ದು. ಗಂಜಿ ಉಣ್ಣುವುದು ಅವರವರ ಮನೆಯಲ್ಲಿ. ನನ್ನ ಊರಿನ ತಂಡ ನನಗೆ ಬೇಕು, ಪಕ್ಕದ ರಾಜ್ಯದ್ದು ಕಟ್ಟಿಕೊಂಡು ಏನು? ದೇಶ ಮರೆತರೂ ಊರು ಮರೆಯುವುದಿಲ್ಲ. ಆದ್ದರಿಂದಲೇ ಊರಿನಿಂದ ತಂಡ ಕಿತ್ತರೆ ಅಲ್ಲಿ ಏನೂ ಉಳಿಯುವುದಿಲ್ಲ.

ದೇಶದ ಗಮನ ಜಾರಿದ್ದಕ್ಕೆ ಆಟದ ಯಜಮಾನರ ಪಾಲೂ ಇದೆ. 1994ರ ಆಗಸ್ಟ್‌ನಲ್ಲಿ ಆಟಗಾರರಿಗೂ ಮಾಲೀಕರಿಗೂ ಹಣದ ಜಗಳವಾಗಿ ಮುಷ್ಕರ, ಆ ವರ್ಷ ವರ್ಲ್ಡ್ ಸೀರೀಸೇ ರದ್ದು. ಎರಡು ಮಹಾಯುದ್ಧಗಳಲ್ಲೂ ನಿಲ್ಲದಿದ್ದದ್ದು ಅದು. 1998ರಲ್ಲಿ ಮಾರ್ಕ್ ಮೆಕ್‌ಗ್ವಾಯರ್ 70, ಸ್ಯಾಮಿ ಸೋಸಾ 66 ಹೋಮ್‌ರನ್ ಹೊಡೆದಾಗ ಜನ ಮರಳಿ ಬಂದರು. ಮೆಕ್‌ಗ್ವಾಯರ್ ಮದ್ದು ತೆಗೆದುಕೊಂಡಿದ್ದೆ ಎಂದು ಮುಂದೆ ತಾನೇ ಒಪ್ಪಿಕೊಂಡ. ಜೊತೆಗೆ ಆಟ ಲಂಬಿಸುತ್ತ ಹೋಯಿತು. ಪಿಚರ್ ಟೋಪಿ ಸರಿಮಾಡುವುದು, ದಾಂಡಿಗ ಗವಸು ಬಿಚ್ಚಿ ಕಟ್ಟುವುದು, ಹೀಗೇ ಮೂರು ಗಂಟೆ ದಾಟುತ್ತಿತ್ತು. 2023ರಲ್ಲಿ ಗಡಿಯಾರ ತಂದರು. ಬೇಸ್ ಖಾಲಿ ಇದ್ದರೆ 15 ಸೆಕೆಂಡಿನೊಳಗೆ ಎಸೆಯಬೇಕು. ಒಂದೇ ವರ್ಷದಲ್ಲಿ ಪಂದ್ಯದ ಸರಾಸರಿ ಹೊತ್ತು 24 ನಿಮಿಷ ಇಳಿದು 2 ಗಂಟೆ 40 ನಿಮಿಷಕ್ಕೆ ಬಂತು. ಪಕ್ಕದ ತಾಯಿಗೆ ಈ ಗಡಿಯಾರ ಇಷ್ಟವೇ ಎಂದು ಕೇಳಿದ್ದಕ್ಕೆ, "ನನಗೆ ಎಲ್ಲಿಗೂ ಹೋಗುವ ಅವಸರ ಇಲ್ಲ, ನಿಮಗಿದೆಯೇ?" ಎಂದರು. ನನಗೂ ಇರಲಿಲ್ಲ.

ಏಳನೇ ಇನ್ನಿಂಗ್ಸಿನ ನಡುವೆ ಎಲ್ಲರೂ ಎದ್ದು ಮೈಮುರಿದು ಹಾಡು ಹೇಳುವ ಪದ್ಧತಿ ಇದೆ. ಆಗ ಅವರ ಕಣ್ಣು ಹುಡುಗನ ನೀಲಿ ಅಂಗಿಯ ಮೇಲೆ ಬಿತ್ತು. "ಆ ತಂಡವೂ ಓಡಿಬಂದದ್ದೇ, ಗೊತ್ತೇನೋ ಮಗೂ?" ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ.

ಡಾಡ್ಜರ್ಸ್ ಮೂಲದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ತಂಡ. ಡಾಡ್ಜರ್ ಅಂದರೆ ತಪ್ಪಿಸಿಕೊಳ್ಳುವವನು. ಬ್ರೂಕ್ಲಿನ್ ಬೀದಿಯ ಟ್ರಾಮುಗಳ ಅಡಿಗೆ ಸಿಕ್ಕದಂತೆ ತಪ್ಪಿಸಿಕೊಂಡು ದಾಟುವ ಜನ ಎಂಬುದರಿಂದ ಬಂದ ಹೆಸರು. 1947ರಲ್ಲಿ ಜಾಕಿ ರಾಬಿನ್‌ಸನ್ ಎಂಬ ಕಪ್ಪು ಆಟಗಾರ ಮೇಜರ್ ಲೀಗಿನ ವರ್ಣದ ಗೋಡೆ ದಾಟಿ ಬಂದದ್ದು ಈ ತಂಡಕ್ಕೇ. ಮೇಲಿಂದ ಮೇಲೆ ಯಾಂಕೀಸ್ ಎದುರು ಫೈನಲ್ ಸೋಲುವುದು, ಅಭಿಮಾನಿಗಳು 'ಮುಂದಿನ ವರ್ಷ ನೋಡಿ' ಎನ್ನುವುದು. ನಮ್ಮ 'ಈ ಸಲ ಕಪ್ ನಮ್ದೆ'ಗೆ ಇವರು ದಾಯಾದಿಗಳು. 1955ರಲ್ಲಿ ಕೊನೆಗೂ ಕಪ್ ಬಂತು. ಎರಡೇ ವರ್ಷಕ್ಕೆ, ಹೊಸ ಕ್ರೀಡಾಂಗಣದ ಜಾಗದ ವಿಚಾರದಲ್ಲಿ ನಗರದ ಜೊತೆ ಮಾತು ಮುರಿದು, ಮಾಲೀಕ ವಾಲ್ಟರ್ ಓ'ಮ್ಯಾಲಿ ತಂಡವನ್ನು ದೇಶದ ಇನ್ನೊಂದು ತುದಿಗೆ ಕೊಂಡೊಯ್ದ. 1957ರ ಸೆಪ್ಟೆಂಬರ್ 24ರಂದು ಎಬೆಟ್ಸ್ ಫೀಲ್ಡಿನ ಕೊನೆಯ ಪಂದ್ಯಕ್ಕೆ ಬಂದವರು 6,702 ಜನ. ಮೂರು ವರ್ಷಕ್ಕೆ ಆ ಮೈದಾನವನ್ನೇ ಕೆಡವಿ ವಸತಿ ಕಟ್ಟಡ ಎಬ್ಬಿಸಿದರು. ಟ್ರಾಮ್ ತಪ್ಪಿಸಿಕೊಳ್ಳುವ ಹೆಸರು ಮಾತ್ರ ಲಾಸ್ ಏಂಜಲಿಸ್‌ನಲ್ಲಿ ಇವತ್ತಿಗೂ ಅಂಗಿಯ ಮೇಲಿದೆ. ಈ ಹೆಸರಿನ ಅರ್ಥ ಹೇಳಿದಾಗ ಮೊಮ್ಮಗ, "ಅಂದ್ರೆ ಅಜ್ಜ, ನೀವು ಕುಂದಾಪ್ರದವರು ಅಂತ ಹೇಳ್ಕೊಳ್ತೀರಲ್ಲ, ಹಾಗೆ" ಎಂದ. ಮಕ್ಕಳ ಬಾಯಿಗೆ ಬೀಗ ಇಲ್ಲ.

ಅವನಿಗೆ ಲಾಸ್ ಏಂಜಲಿಸ್ ಜೊತೆಗೂ ಸಂಬಂಧ ಇಲ್ಲ, ಬ್ರೂಕ್ಲಿನ್ ಜೊತೆಗೂ ಇಲ್ಲ. ಅವನ ಸಂಬಂಧ ಶೊಹೇ ಓಹ್ತಾನಿ ಎಂಬ ಜಪಾನಿ ಆಟಗಾರನ ಜೊತೆ. ಪಿಚರೂ ಹೌದು, ದಾಂಡಿಗನೂ ಹೌದು, ನೂರು ವರ್ಷದ ಹಿಂದಿನ ಬೇಬ್ ರೂತ್ ನಂತರ ಎರಡನ್ನೂ ಈ ಮಟ್ಟದಲ್ಲಿ ಮಾಡಿದವನು. ಅವನು ಏಂಜಲ್ಸ್ ತಂಡದಲ್ಲಿದ್ದಾಗ ಹುಡುಗ ಏಂಜಲ್ಸ್ ಟೋಪಿ ಹಾಕುತ್ತಿದ್ದ. 2023ರ ಡಿಸೆಂಬರ್‌ನಲ್ಲಿ ಹತ್ತು ವರ್ಷಕ್ಕೆ 70 ಕೋಟಿ ಡಾಲರಿನ ಕರಾರಿಗೆ ಓಹ್ತಾನಿ ಡಾಡ್ಜರ್ಸ್ ಸೇರಿದ, ಹುಡುಗನ ಟೋಪಿಯೂ ಬದಲಾಯಿತು. ಜಪಾನಿನಲ್ಲಿ ಲಕ್ಷಾಂತರ ಜನರದ್ದು ಇದೇ ಕಥೆ. ಬೆಳಿಗ್ಗೆ ಎದ್ದು ಟಿವಿ ಹಾಕಿ ನೋಡುವುದು ಲಾಸ್ ಏಂಜಲಿಸ್‌ನ ಆಟವನ್ನು. ಮೊದಲಿಗೆ ಇದು ಅಭಿಮಾನವೇ ಅಲ್ಲ, ಗಾಳಿ ಬಂದ ಕಡೆ ತೂರುವುದು ಎಂದು ನನಗೆ ಅನ್ನಿಸಿತ್ತು. ಆಮೇಲೆ ಯಕ್ಷಗಾನದ ಮಾತು ನೆನಪಾಯಿತು. ನೆಚ್ಚಿನ ಭಾಗವತರು ಮೇಳ ಬದಲಿಸಿದಾಗ ಅವರ ಹಿಂದೆಯೇ ಹೊಸ ಮೇಳದ ಟೆಂಟಿಗೆ ಹೋದವರಲ್ಲಿ ನನ್ನ ಅಪ್ಪಯ್ಯನೂ ಒಬ್ಬರು. ಅವರ ಅಭಿಮಾನ ಕಡಿಮೆಯದು ಎಂದು ಹೇಳಲು ನಾನ್ಯಾರು?

ಮರಳಿ ಬರುವಾಗ ರೈಲಿನಲ್ಲಿ ಹುಡುಗ ಕೇಳಿದ: "ಅಜ್ಜ, ನಿಮ್ಮ ಟೀಮ್ ಯಾವುದು?"

ಸುಲಭದ ಪ್ರಶ್ನೆ ಅಲ್ಲ ಮಾರಾಯ್ರೆ. ಈ ಪತ್ರಿಕೆಯ ಓದುಗರಿಗಂತೂ ಅಲ್ಲ.

1971ರಲ್ಲಿ ಫೋರ್ಟಿನ ಒಂದು ಹೋಟೆಲಿಗೆ ಕೆಲಸಕ್ಕೆ ಬಂದವನು ನಾನು. ಹಗಲು ಕೌಂಟರ್, ಸಂಜೆ ಕನ್ನಡ ರಾತ್ರಿಶಾಲೆ. ಮುಂಬೈ ತಂಡ ಆಗ 15 ವರ್ಷದಿಂದ ಸತತ ರಣಜಿ ಗೆಲ್ಲುತ್ತಿದ್ದ ಕಾಲ. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ ಅವರನ್ನು ನಿಲ್ಲಿಸಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಮರುದಿನ ಬೆಳಿಗ್ಗೆ ಹೋಟೆಲಿನ ತುಂಬ ಮುಖ ಇಳಿಬಿಟ್ಟ ಗಿರಾಕಿಗಳು. ನಾವು ಹುಡುಗರು ಚಟ್ನಿ ಬಡಿಸುತ್ತ ನಗು ತಡೆದುಕೊಂಡೆವು. ಧಣಿಗಳೂ ಗಂಭೀರವಾಗಿಯೇ ಗಲ್ಲಾದಲ್ಲಿ ಕೂತಿದ್ದರು. ಮಧ್ಯಾಹ್ನ ಶಟರ್ ಅರ್ಧ ಇಳಿಸಿದ ಮೇಲೆ ಒಬ್ಬೊಬ್ಬರಿಗೂ ಎರಡೆರಡು ಮೈಸೂರ್ ಪಾಕ್ ಕೊಟ್ಟರು, ಏಕೆಂದು ಹೇಳಲಿಲ್ಲ.

ಆಗ ನನ್ನ ಟೀಮ್ ಯಾವುದು ಎಂದು ಯಾರೂ ಕೇಳಬೇಕಿರಲಿಲ್ಲ. 2010ರ ಜನವರಿಯಲ್ಲಿ ಮೈಸೂರಿನಲ್ಲಿ ಮತ್ತೆ ಇವೇ ಎರಡು ತಂಡ, ಈಗ ಫೈನಲ್. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ನನ್ನ ಮಗ ಟಿವಿಯ ಒಂದು ಬದಿ, ನಾನು ಇನ್ನೊಂದು ಬದಿ. ಮನೀಷ್ ಪಾಂಡೆ 144 ಹೊಡೆದು ಗೆಲುವಿನ ಹತ್ತಿರ ತಂದಿದ್ದ. ಕರ್ನಾಟಕ ಆರೇ ಆರು ರನ್ನಿನಿಂದ ಸೋತಿತು. ಮಗ ಕೂಗಲು ಬಾಯಿ ತೆರೆದವನು ನನ್ನ ಮುಖ ನೋಡಿ ಸುಮ್ಮನಾದ. ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತ. ಅವನ ಊರಿನ ಗೆಲುವನ್ನು ಅವನ ಮನೆಯಲ್ಲೇ ಅವನು ಸಂಭ್ರಮಿಸಲಾಗದ ಹಾಗೆ ಮಾಡಿದೆನಲ್ಲ ಎಂದು ಇವತ್ತಿಗೂ ಕಸಿವಿಸಿ ಆಗುತ್ತದೆ. ಅವನು ಮರೆತಿರಬಹುದು. ನಾನು ಕೇಳಿಲ್ಲ.

ಇನ್ನು ಊರಿನ ಕಡೆಯಿಂದ ನೋಡಿದರೆ? ವರ್ಷಕ್ಕೊಮ್ಮೆ ಹೋದಾಗ ದೊಡ್ಡಮ್ಮ ಕೇಳುತ್ತಿದ್ದದ್ದು ಒಂದೇ: "ಇನ್ನ್ ಯಾವತ್ತ್ ಬಪ್ದ್?" ಓಕ್‌ಲ್ಯಾಂಡಿನಲ್ಲಿ ನಾನು ಆ ಪೆನ್ಸಿಲಿನ ತಾಯಿಯ ಪಕ್ಷ ವಹಿಸಿ ಮಾಲೀಕನ ಮೇಲೆ ಸಿಟ್ಟಾಗಿದ್ದೆ. ಆದರೆ ಬಿಟ್ಟು ಹೊರಟವರ ಪಟ್ಟಿ ಮಾಡಿದರೆ ನನ್ನ ಹೆಸರು ಬರುವುದು ಎ'ಸ್ ತಂಡದ ಸಾಲಿನಲ್ಲಿ, ದೊಡ್ಡಮ್ಮ ಕೂತದ್ದು ಆ ತಾಯಿಯ ಪಕ್ಕದ ಕುರ್ಚಿಯಲ್ಲಿ. ಹೊಟ್ಟೆಪಾಡಿಗೆ ಹೊರಟದ್ದಕ್ಕೂ 38 ಕೋಟಿ ಡಾಲರಿಗೆ ಹೊರಟದ್ದಕ್ಕೂ ವ್ಯತ್ಯಾಸ ಇಲ್ಲವೇ? ಇದೆ. ದೊಡ್ಡಮ್ಮನಿಗೆ ಆ ವ್ಯತ್ಯಾಸ ಕಟ್ಟಿಕೊಂಡು ಏನಾಗಬೇಕು?

ಮೊಮ್ಮಗನಿಗೆ, "ಎರಡು ಟೀಮ್ ಇವೆ ಮಗಾ" ಎಂದೆ. "ಅದು ಮೋಸ" ಎಂದ.

ಅಂದ ಹಾಗೆ, ಊರು ಬಿಡುವ ತಂಡ ಅಮೆರಿಕದ ರೋಗ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಐಪಿಎಲ್ ಮಾಲೀಕರ ತಂಡಗಳೂ ಅದೇ ಅಚ್ಚಿನವು. ಹೈದರಾಬಾದಿನ ಓದುಗರಿಗೆ 2009ರಲ್ಲಿ ಕಪ್ ಗೆದ್ದ ಡೆಕ್ಕನ್ ಚಾರ್ಜರ್ಸ್ ನೆನಪಿರಬೇಕು. 2012ರ ಕೊನೆಯ ಹೊತ್ತಿಗೆ ಅದು ಇಲ್ಲ. ಪುಣೆಯವರಿಗೆ ಮೊದಲು ವಾರಿಯರ್ಸ್ ಎಂದು ಒಂದು ತಂಡ, ಮೂರು ಸೀಸನ್ನಿಗೆ ಮಾಯ. ಆಮೇಲೆ ಸೂಪರ್‌ಜೈಂಟ್ ಎಂದು ಇನ್ನೊಂದು, ಎರಡೇ ಸೀಸನ್, ಫೈನಲ್‌ನಲ್ಲಿ ಒಂದು ರನ್ನಿನಿಂದ ಸೋತು ಅದೂ ಮಾಯ. ಹಳೇ ಜರ್ಸಿಗಳು ಈಗ ಎಷ್ಟು ಮನೆಗಳಲ್ಲಿ ಸ್ಕೂಟರ್ ಒರೆಸುತ್ತಿವೆಯೋ.

ಓಕ್‌ಲ್ಯಾಂಡಿನ ಕೊನೆಯ ಪಂದ್ಯ 2024ರ ಸೆಪ್ಟೆಂಬರ್ 26, ಗುರುವಾರ ಮಧ್ಯಾಹ್ನ. ನಾವು ಅಷ್ಟರಲ್ಲಿ ಮುಂಬೈಗೆ ಮರಳಿದ್ದೆವು. 46,889 ಜನ ಬಂದರು, ಆ ಖಾಲಿ ಕುರ್ಚಿಗಳೆಲ್ಲ ತುಂಬಿದವು. ಟೆಕ್ಸಸ್ ರೇಂಜರ್ಸ್ ಎದುರು 3-2ರಲ್ಲಿ ಗೆದ್ದರು. ಪಂದ್ಯ ಮುಗಿದ ಮೇಲೆ ತಂಡದ ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು ಜನರಿಗೆ ವಂದನೆ ಹೇಳಿದರು. ಮೈದಾನದ ಮಣ್ಣನ್ನು ಡಬ್ಬಿಯಲ್ಲಿ ತುಂಬಿಸಿಕೊಂಡು ಹೋದವರಿದ್ದರು. ಓಕ್‌ಲ್ಯಾಂಡಿನ ಬೀದಿಯಲ್ಲಿ ಬೆಳೆದು, ಬೇಸ್ ಕದಿಯುವುದರಲ್ಲಿ ದಾಖಲೆ ಬರೆದ ರಿಕಿ ಹೆಂಡರ್ಸನ್ ಆ ದಿನ ಅಲ್ಲಿದ್ದ. ಡಿಸೆಂಬರ್‌ನಲ್ಲಿ ಅವನೂ ತೀರಿಕೊಂಡ.

ಲಾಸ್ ವೇಗಸ್‌ನ ಕ್ರೀಡಾಂಗಣ 2028ಕ್ಕೆ ಮುಗಿಯಬೇಕು. ಅಲ್ಲಿಯ ತನಕ ತಂಡ ಆಡುವುದು ವೆಸ್ಟ್ ಸ್ಯಾಕ್ರಮೆಂಟೊದಲ್ಲಿ, ಕಿರಿಯರ ಲೀಗಿನ ಒಂದು ಸಣ್ಣ ಮೈದಾನದಲ್ಲಿ, ಸುಮಾರು 14,000 ಜನ ಹಿಡಿಸುವಂಥದ್ದು. ಬಾಡಿಗೆ ಮನೆ. ತಂಡದ ಹೆಸರಿನಲ್ಲಿ ಸ್ಯಾಕ್ರಮೆಂಟೊ ಸೇರಿಸಿಲ್ಲ, ಓಕ್‌ಲ್ಯಾಂಡ್ ಬಿಟ್ಟಿದ್ದಾರೆ, ವೇಗಸ್ ಇನ್ನೂ ಬಂದಿಲ್ಲ. ಬರೀ ಅಥ್ಲೆಟಿಕ್ಸ್. ಹೆಸರಿನ ಹಿಂದೆ ಊರಿಲ್ಲದ ಒಂದೇ ಒಂದು ತಂಡ ಆ ಮೂವತ್ತರಲ್ಲಿ.

ಓಕ್‌ಲ್ಯಾಂಡಿನವರು ಮಾತ್ರ ಸುಮ್ಮನೆ ಕೂರಲಿಲ್ಲ. ಬಾಲರ್ಸ್ ಎಂಬ ಸಣ್ಣ ಲೀಗಿನ ತಂಡ ಕಟ್ಟಿ, 2024ರಿಂದಲೇ ಪಶ್ಚಿಮ ಓಕ್‌ಲ್ಯಾಂಡಿನ ರೈಮಂಡಿ ಪಾರ್ಕಿನಲ್ಲಿ ಆಡಿಸಿದರು. ಅಭಿಮಾನಿಗಳೂ ಅದರಲ್ಲಿ ಪಾಲು ಹಾಕಿದ್ದಾರೆ. 2025ರಲ್ಲಿ ಆ ತಂಡ ಪಯೋನಿಯರ್ ಲೀಗಿನ ಚಾಂಪಿಯನ್ ಕೂಡ ಆಯಿತು. ಈ ಬೇಸಿಗೆಯಲ್ಲಿ ಮೊಮ್ಮಗ ಒಂದು ದಿನ ಅಲ್ಲಿಗೆ ಹೋಗಿದ್ದ. ಡೋಲು ಬಾರಿಸುವವರು ಇದ್ದರಂತೆ. ಹುಲ್ಲಿನ ಟೋಪಿಯ ಅಜ್ಜಿಯನ್ನು ಹುಡುಕಿದನಂತೆ, ಕಾಣಲಿಲ್ಲ.

ಆ ದಿನ ಪಂದ್ಯ ಮುಗಿದ ಮೇಲೆ ಅವರು ತಮ್ಮ ಕಾಗದ ಮಡಚಿ ಚೀಲಕ್ಕೆ ಹಾಕಿದವರು, ಏನೋ ಯೋಚಿಸಿ, ಹೊಸ ಖಾಲಿ ಹಾಳೆ ಒಂದನ್ನು ಪೆನ್ಸಿಲ್ ಸಮೇತ ಹುಡುಗನ ಕೈಗೆ ಕೊಟ್ಟಿದ್ದರು. ಅವನು ಅದನ್ನು ನೆರಳಚ್ಚು ತೆಗೆಸಿ ತೆಗೆಸಿ ಈಗ ಡಾಡ್ಜರ್ಸ್ ಆಡಿದ ಪಂದ್ಯಗಳನ್ನೆಲ್ಲ ಬರೆಯುತ್ತಾನೆ.

ಮೊನ್ನೆ ನವೆಂಬರ್ 2, ಭಾನುವಾರ ಬೆಳಿಗ್ಗೆ, ಇಲ್ಲಿ ಇಡ್ಲಿ ಬೇಯುತ್ತಿದ್ದಾಗ ಟೊರಾಂಟೊದಲ್ಲಿ ವರ್ಲ್ಡ್ ಸೀರೀಸಿನ ಏಳನೇ ಪಂದ್ಯ ನಡೆಯುತ್ತಿತ್ತು. ಅಮೆರಿಕ, ಕೆನಡಾ, ಜಪಾನ್ ಸೇರಿ ಸುಮಾರು ಐದು ಕೋಟಿ ಜನ ನೋಡಿದ ಪಂದ್ಯ. ಯಾರು ನೋಡ್ತಾರೆ ಎಂದಿದ್ದ ಮಗಳೂ ಅವರಲ್ಲೊಬ್ಬಳು. ನಾನು ಹುಡುಗನ ಮೆಸೇಜಿನಲ್ಲಿ ಆಟ ನೋಡುತ್ತಿದ್ದೆ. ಒಂಬತ್ತರಲ್ಲಿ ಮುಗಿಯಬೇಕಾದದ್ದು ಹತ್ತಕ್ಕೆ ಹೋಯಿತು, ಹನ್ನೊಂದಕ್ಕೆ ಹೋಯಿತು, ಡಾಡ್ಜರ್ಸ್ 5-4. ಸ್ವಲ್ಪ ಹೊತ್ತಿಗೆ ಅವನ ಹಾಳೆಯ ಫೋಟೊ ಬಂತು. ಮನೆಗಳೆಲ್ಲ ತುಂಬಿ, ಹನ್ನೊಂದನೇ ಇನ್ನಿಂಗ್ಸಿಗೆ ಜಾಗ ಸಾಲದೆ ಅಂಚಿನಲ್ಲಿ ಗೆರೆ ಎಳೆದು ಬರೆದಿದ್ದ. ಕೊನೆಯ ಮನೆಯಲ್ಲಿ 6-3 ಎಂದಿತ್ತು. ಶಾರ್ಟ್‌ಸ್ಟಾಪ್ ಮೂಕಿ ಬೆಟ್ಸ್ ಚೆಂಡು ಹಿಡಿದು, ಎರಡನೇ ಬೇಸನ್ನು ತಾನೇ ತುಳಿದು, ಮೊದಲನೇ ಬೇಸಿಗೆ ಎಸೆದಿದ್ದ. ಒಂದೇ ಚೆಂಡಿಗೆ ಇಬ್ಬರು ಔಟ್. ಓದಿ ಅರ್ಥ ಮಾಡಿಕೊಂಡೆ ಎಂದು ತಿಳಿಸಿದ್ದಕ್ಕೆ, "ಅಜ್ಜ, ಆ ಅಜ್ಜಿ ಇದನ್ನ ಬರೆದಿರ್ತಾರಾ?" ಎಂದು ಕೇಳಿದ್ದಾನೆ.

ಇನ್ನೂ ಉತ್ತರ ಬರೆದಿಲ್ಲ.